‘ಲಾರ್ಡ್ ಮೇಯರ್’ಗೆ ಮಹಾಪೌರ ಸಾಕೇ, ಪಟ್ಟಣಸ್ವಾಮಿ ಬೇಕೇ?

ಗೆಳೆಯರೇ,

ಎರಡು ಪದ ಬೇಕಾಗಿವೆ. ಒಂದು, ಲಂಡನ್ನಿನ ‘ಲಾರ್ಡ್ ಮೇಯರ್’ ಎಂಬ ಹುದ್ದೆಗೆ. ಇನ್ನೊಂದು, ಅಂಥ ಹುದ್ದೆಯನ್ನು ‘ಸೆರಿಮೋನಿಯಲ್’ ಅನ್ನುತ್ತಾರಲ್ಲ, ಆ ಮಾತಿಗೆ.

ಮಡಿಕೇರಿಯಲ್ಲಿ ಕಾಫಿ ಬೆಳೆಗಾರರು ತರುತ್ತಿರುವ ಒಂದು ಸಂಚಿಕೆಗೆ ಲಂಡನ್ನಿನ ಹಳೆಯ ಪೇಟೆಯ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಇಲ್ಲಿ ರೋಬಸ್ಟಾ ಕಾಫಿ ಮಾರುವವರು ಲಂಡನ್ ರೇಟಿನ ಮೇಲೆ ಒಂದು ಕಣ್ಣಿಟ್ಟೇ ಇರುತ್ತಾರೆ. ರೇಟು ಎಲ್ಲರಿಗೂ ಗೊತ್ತು, ಆ ಪೇಟೆಯ ಕಥೆ ಗೊತ್ತಿರುವವರು ಕಡಿಮೆ. ಕಥೆ ಬರೆಯಲು ಹೊರಟರೆ ಲಾರ್ಡ್ ಮೇಯರ್ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ತೊಡಕು ಏನೆಂದರೆ, ಲಂಡನ್ನಿಗೆ ಇಬ್ಬರು ಮೇಯರ್‌ಗಳು. ನಮ್ಮ ಪತ್ರಿಕೆಗಳಲ್ಲಿ ಆಗಾಗ ಹೆಸರು ಬರುವ ಸಾದಿಕ್ ಖಾನ್ ‘ಲಂಡನ್ ಮೇಯರ್’. ಆ ಹುದ್ದೆ ಶುರುವಾದದ್ದೇ 2000ದಲ್ಲಿ. ಇಡೀ ಮಹಾನಗರದ ಜನ ನೇರವಾಗಿ ವೋಟು ಹಾಕಿ ಆರಿಸುತ್ತಾರೆ. ಬಸ್ಸು, ರೈಲು, ಪೊಲೀಸ್ ಉಸ್ತುವಾರಿ ಎಲ್ಲ ಅವರ ಕೈಯಲ್ಲಿ. ಲಾರ್ಡ್ ಮೇಯರ್ ಬೇರೆಯವರು. ಅವರ ಊರು ‘ಸಿಟಿ ಆಫ್ ಲಂಡನ್’, ಅಂದರೆ ಹಿಂದೆ ಕೋಟೆಗೋಡೆ ಕಟ್ಟಿಕೊಂಡಿದ್ದ ಹಳೆಯ ಪೇಟೆ. ಹೆಚ್ಚುಕಡಿಮೆ ಒಂದು ಚದರ ಮೈಲಿ, ಅಷ್ಟೇ. 2021ರ ಜನಗಣತಿಯಲ್ಲಿ ಅಲ್ಲಿ ಮನೆ ಮಾಡಿಕೊಂಡಿದ್ದವರು ಸುಮಾರು 8,600 ಜನ. ಮಡಿಕೇರಿಯಲ್ಲಿ 2011ರಲ್ಲೇ 33 ಸಾವಿರ ಜನ ಇದ್ದರು. ನಮ್ಮ ಕಾಯ್ದೆ ಹಿಡಿದು ಅಳೆದರೆ, 10 ಸಾವಿರ ತಲೆ ಇಲ್ಲದ ಆ ಊರಿಗೆ ಪಟ್ಟಣ ಪಂಚಾಯಿತಿ ಸಿಗುವುದೂ ಕಷ್ಟ! ಹಗಲಿನಲ್ಲಿ ಮಾತ್ರ ಬ್ಯಾಂಕು, ವಿಮೆ ಕಂಪನಿಗಳ ಕೆಲಸಕ್ಕೆ ಲಕ್ಷಗಟ್ಟಲೆ ಜನ ಬಂದು ತುಂಬುತ್ತಾರೆ.

ಅಷ್ಟು ಚಿಕ್ಕ ಊರಿನ ಮುಖ್ಯಸ್ಥರಿಗೆ ಅಷ್ಟು ದೊಡ್ಡ ಹೆಸರು ಯಾಕೆ? ಅದು ವ್ಯಾಪಾರಿಗಳು ರಾಜನಿಂದ ಗಿಟ್ಟಿಸಿಕೊಂಡ ಹುದ್ದೆ. ಮೊದಲ ಮೇಯರ್ ಹೆನ್ರಿ ಫಿಟ್ಜ್-ಐಲ್ವಿನ್, 1189ರ ಸುಮಾರಿಗೆ. ಆಗಿನ್ನೂ ‘ಲಾರ್ಡ್’ ಸೇರಿರಲಿಲ್ಲ, ಅದು ಆಮೇಲೆ ಬಳಕೆಗೆ ಬಂದದ್ದು. 1215ರಲ್ಲಿ ಜಾನ್ ದೊರೆ ಕಷ್ಟದಲ್ಲಿದ್ದ. ಪಾಳೆಯಗಾರರು ತಿರುಗಿಬಿದ್ದಿದ್ದರು, ಲಂಡನ್ ಪೇಟೆಯ ಬೆಂಬಲ ಅವನಿಗೆ ಬೇಕಿತ್ತು. ನಿಮ್ಮ ಮೇಯರನ್ನು ವರ್ಷವರ್ಷ ನೀವೇ ಆರಿಸಿಕೊಳ್ಳಿ ಎಂದು ಸನ್ನದು ಕೊಟ್ಟ. ಆದರೆ ಒಂದು ಷರತ್ತು: ಆರಿಸಿ ಬಂದವರು ದೊರೆಯ ಕಡೆಗೆ ಬಂದು ನಿಷ್ಠೆಯ ಪ್ರಮಾಣ ಮಾಡಬೇಕು. ಆ ಪ್ರಮಾಣಕ್ಕೆ ಪೇಟೆಯಿಂದ ವೆಸ್ಟ್‌ಮಿನ್‌ಸ್ಟರ್‌ವರೆಗೆ ಹೊರಟ ಪಯಣವೇ ಬೆಳೆಯುತ್ತಾ ದೊಡ್ಡ ಮೆರವಣಿಗೆ ಆಯಿತು. ಈಗಲೂ ನವೆಂಬರ್‌ನ ಎರಡನೇ ಶನಿವಾರ ಅದು ನಡೆಯುತ್ತದೆ. ಲಾರ್ಡ್ ಮೇಯರ್ ಕೂರುವುದು 1757ರಲ್ಲಿ ಮಾಡಿಸಿದ, ಚಿನ್ನದ ಬಣ್ಣದ ಕುದುರೆ ಸಾರೋಟಿನಲ್ಲಿ. ಹಿಂದಿನ ದಿನ ಪೇಟೆಯ ಹಳೆಯ ಸಭಾಭವನವಾದ ಗಿಲ್ಡ್‌ಹಾಲ್‌ನಲ್ಲಿ ಅಧಿಕಾರ ಹಸ್ತಾಂತರ. ಅದಕ್ಕೆ ‘ಮೌನ ಸಮಾರಂಭ’ ಎಂದೇ ಹೆಸರು. ಹೊಸಬರ ಪ್ರಮಾಣವಚನ ಬಿಟ್ಟರೆ ಅಲ್ಲಿ ಯಾರೂ ಮಾತಾಡುವುದಿಲ್ಲ. ಭಾಷಣ ಇಲ್ಲದ ಪದಗ್ರಹಣ! ನಮ್ಮ ಕಡೆ ಊಹಿಸಿಕೊಳ್ಳಿ.

ಆರಿಸುವವರು ಯಾರು ಅನ್ನುವುದೂ ಪದದ ದೃಷ್ಟಿಯಿಂದ ಮುಖ್ಯ. ಊರಿನ ಮತದಾರರಲ್ಲ, ‘ಲಿವರಿ ಕಂಪನಿ’ಗಳ ಸದಸ್ಯರು. ಇವು ಹಳೆಯ ಕಸುಬು ಮತ್ತು ವ್ಯಾಪಾರದ ಸಂಘಗಳು: ಜವಳಿಯವರದು, ದಿನಸಿಯವರದು, ಮೀನಿನವರದು, ಅಕ್ಕಸಾಲಿಗರದು, ಹೀಗೆ ನೂರಕ್ಕೂ ಜಾಸ್ತಿ. ಈಗ ಕಂಪ್ಯೂಟರಿನವರದೂ ಒಂದಿದೆ. ಅಭ್ಯರ್ಥಿ ಆಲ್ಡರ್‌ಮನ್, ಅಂದರೆ ವಾರ್ಡಿನ ಹಿರಿಯ ಪ್ರತಿನಿಧಿ, ಆಗಿರಬೇಕು, ಶೆರಿಫ್ ಎಂಬ ಹುದ್ದೆಯಲ್ಲೂ ಕೆಲಸ ಮಾಡಿರಬೇಕು. ಒಂದು ವರ್ಷದ ಅವಧಿ, ಸಂಬಳ ಇಲ್ಲ. ಇರಲು ಮಾತ್ರ ಮ್ಯಾನ್ಶನ್ ಹೌಸ್ ಎಂಬ ಅರಮನೆಯಂಥ ಮನೆ. ವರ್ಷದಲ್ಲಿ ಬಹಳ ದಿನ ದೇಶದೇಶ ಸುತ್ತಿ ಬ್ರಿಟನ್ನಿನ ಬ್ಯಾಂಕು, ವಿಮೆ ವ್ಯವಹಾರದ ಪರ ಮಾತಾಡುವುದೇ ಈಗಿನ ದೊಡ್ಡ ಕೆಲಸ.

ಈಗ ಪದಗಳಿಗೆ ಬರುತ್ತೇನೆ.

‘ಮಹಾಪೌರ’ ನಮ್ಮ ಪಾಲಿಕೆಗಳಲ್ಲಿ ಚೆನ್ನಾಗಿ ಬೇರೂರಿದೆ. ಪುರದವನು ಪೌರ, ಅವರಲ್ಲಿ ಹಿರಿಯ ಮಹಾಪೌರ. ಪೌರಾಯುಕ್ತ, ಪೌರಕಾರ್ಮಿಕ ಎಲ್ಲ ಅದೇ ಸಾಲಿನವು. ಆದರೆ ಬರೀ ಮೇಯರ್‌ಗೇ ನಾವು ‘ಮಹಾ’ ಖರ್ಚು ಮಾಡಿಬಿಟ್ಟಿದ್ದೇವೆ. ಲಾರ್ಡ್ ಮೇಯರ್‌ಗೆ ಏನು ಉಳಿಯಿತು? ಮಹಾಮಹಾಪೌರ ಅನ್ನಲಾದೀತೇ? ಸಾದಿಕ್ ಖಾನ್ ಅವರನ್ನು ಮಹಾಪೌರ ಎಂದು, ಇವರಿಗೆ ಬೇರೆ ಪದ ಹುಡುಕುವುದೇ ಸರಿ ಅನ್ನಿಸುತ್ತದೆ. ಇನ್ನು ಕೊಡಗಿನ ಓದುಗರಿಗೆ ಮಹಾಪೌರ ಮನೆಬಳಕೆಯ ಮಾತೂ ಅಲ್ಲ. ಇಡೀ ಜಿಲ್ಲೆಯಲ್ಲಿ ಮಹಾನಗರ ಪಾಲಿಕೆ ಇಲ್ಲ, ಹಾಗಾಗಿ ಮೇಯರ್ ಇಲ್ಲ. 1956ರ ನವೆಂಬರ್ 1ರವರೆಗೆ ಮಡಿಕೇರಿ ಒಂದು ರಾಜ್ಯದ ರಾಜಧಾನಿಯೇ ಆಗಿತ್ತು. ಈಗ ಇಲ್ಲಿರುವುದು ನಗರಸಭೆ ಅಧ್ಯಕ್ಷರು.

‘ಸೆರಿಮೋನಿಯಲ್’ಗೆ ಪತ್ರಿಕೆಯವರು ಸುಮ್ನೆ ‘ನಾಮಮಾತ್ರದ’ ಅಂತ ಬರೆದುಬಿಡುತ್ತಾರೆ. ಅದು ಬೈಗುಳಕ್ಕೆ ಹತ್ತಿರ. ‘ಅಲಂಕಾರಿಕ’ ಅಂದರೂ ಕೆಲಸವಿಲ್ಲದ ಕುರ್ಚಿ ಎಂಬ ಅರ್ಥವೇ ಬರುತ್ತದೆ. ‘ಔಪಚಾರಿಕ’ ಸಪ್ಪೆ. ನನಗೆ ಇಷ್ಟವಾದದ್ದು ‘ಉತ್ಸವಮೂರ್ತಿ’. ಗರ್ಭಗುಡಿಯ ಮೂಲ ವಿಗ್ರಹ ಕದಲುವುದಿಲ್ಲ, ಬೀದಿಗೆ ಬಂದು ಜನಕ್ಕೆ ಕಾಣಿಸುವುದು ಉತ್ಸವಮೂರ್ತಿ. ಸಾರೋಟಿನಲ್ಲಿ ಮೆರವಣಿಗೆ ಹೊರಡುವವರಿಗೆ ಹೇಳಿ ಮಾಡಿಸಿದ ಪದ ಅಲ್ವಾ? ರಾಜಕೀಯದ ಮಾತಿನಲ್ಲಿ ಅದಕ್ಕೂ ವ್ಯಂಗ್ಯ ಅಂಟಿಕೊಂಡಿದೆ, ಅದೊಂದೇ ಅನುಮಾನ.

ಪಕ್ಕದ ತೋಟದ ಹಿರಿಯರೊಬ್ಬರಿಗೆ ಇದನ್ನೆಲ್ಲ ವಿವರಿಸಿದಾಗ, “ಅದಕ್ಕೇನು, ನಮ್ಮ ತಕ್ಕರ ಹಾಗೆ ಅನ್ನಿ” ಎಂದರು. ಕೊಡಗಿನ ಹೊರಗಿನವರಿಗಾಗಿ ಹೇಳುತ್ತೇನೆ: ಊರುತಕ್ಕ, ನಾಡುತಕ್ಕ, ದೇವತಕ್ಕ ಎಂದು ಇಲ್ಲಿ ಪಾರಂಪರಿಕ ಮುಖ್ಯಸ್ಥರಿದ್ದಾರೆ. ಸುಗ್ಗಿ ಹಬ್ಬವಾದ ಪುತ್ತರಿಯ ಕೋಲಾಟಕ್ಕೆ ಮಂದ್‌ನಲ್ಲಿ, ಅಂದರೆ ಊರಿನ ಬಯಲಿನಲ್ಲಿ, ಸೇರುವಾಗ, ದೇವರ ಹಬ್ಬಕ್ಕೆ ಕಟ್ಟು (ವ್ರತನಿಯಮ) ಬೀಳುವಾಗ, ತಕ್ಕಮುಖ್ಯಸ್ಥರು ಮುಂದೆ ನಿಲ್ಲದೆ ಕೆಲಸ ನಡೆಯುವುದಿಲ್ಲ. ಸರ್ಕಾರ ಕೊಟ್ಟ ಅಧಿಕಾರ ಏನೂ ಇಲ್ಲ, ಆದರೂ ಅವರನ್ನು ‘ನಾಮಮಾತ್ರ’ ಎಂದು ಯಾರೂ ಅನ್ನುವುದಿಲ್ಲ. ಸ್ಥಾನದ ತೂಕ ತಿಳಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಪ್ಪದಿರುವುದು ಒಂದೇ. ತಕ್ಕತನ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ವಂಶದಿಂದ ಬರುತ್ತದೆ. ಲಾರ್ಡ್ ಮೇಯರ್ ವರ್ಷಕ್ಕೊಬ್ಬರು, ಅದೂ ಚುನಾವಣೆಯಿಂದ.

ಹಾಗಾಗಿ ನನ್ನ ಒಲವು ಶಾಸನಗಳ ‘ಪಟ್ಟಣಸ್ವಾಮಿ’ಯ ಕಡೆಗೆ. ನಡುಗಾಲದ ಕನ್ನಡನಾಡಿನ ಪೇಟೆಗಳಲ್ಲಿ ವ್ಯಾಪಾರಿಗಳ ಮುಂದಾಳಿಗೆ ಇದ್ದ ಬಿರುದು ಅದು. ಹೊಂಬುಜದಲ್ಲಿ 11ನೇ ಶತಮಾನದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ ಬಸದಿಯನ್ನೇ ಕಟ್ಟಿಸಿದ. ಪೇಟೆಯೂ ಇದೆ, ವರ್ತಕ ಸಂಘಗಳ ವಾಸನೆಯೂ ಇದೆ, ಮರ್ಯಾದೆಯೂ ಇದೆ. ‘ಸ್ವಾಮಿ’ ಮತ್ತು ‘ಲಾರ್ಡ್’ ಎರಡರ ಅರ್ಥದಲ್ಲೂ ಒಡೆಯ ಇದ್ದಾನೆ. ‘ಪಟ್ಟಣಶೆಟ್ಟಿ’ಯೂ ಇತ್ತು, ಆದರೆ ಅದೀಗ ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು. ಪಟ್ಟಣಸ್ವಾಮಿ ಅಂದರೆ ಯಾವುದೋ ಮಠದವರು ಎಂದು ಓದುಗರು ತಿಳಿದಾರೇ ಎಂಬ ಭಯ ಒಂದಿದೆ. ಮೊದಲ ಸಲ ‘ಲಾರ್ಡ್ ಮೇಯರ್, ಅಂದರೆ ಹಳೆಯ ಪೇಟೆಯ ಪಟ್ಟಣಸ್ವಾಮಿ’ ಎಂದು ಬರೆದು, ಆಮೇಲೆ ಬರೀ ಪಟ್ಟಣಸ್ವಾಮಿ ಎಂದರೆ ನಡೆದೀತು.

ಡಬ್ಲಿನ್‌ಗೂ ಲಾರ್ಡ್ ಮೇಯರ್ ಇದ್ದಾರೆ. ಅಲ್ಲಿ ಈ ಪದ ಸಲ್ಲುವುದಿಲ್ಲ. ಅವರನ್ನು ಕೌನ್ಸಿಲರ್‌ಗಳು ವರ್ಷಕ್ಕೊಮ್ಮೆ ಆರಿಸುತ್ತಾರೆ, ದಿನದ ಆಡಳಿತ ಅಧಿಕಾರಿಯ ಕೈಯಲ್ಲಿ. ಬಿಬಿಎಂಪಿ ಕಾಲದ ಬೆಂಗಳೂರೂ ಹೆಚ್ಚುಕಡಿಮೆ ಹಾಗೇ ಇತ್ತು: ಒಂದು ವರ್ಷದ ಮೇಯರ್, ಕಡತ ಆಯುಕ್ತರ ಬಳಿ. ಡಬ್ಲಿನ್‌ನವರನ್ನು ಮಹಾಪೌರ ಎಂದರೆ ಸಾಕು. ಅಂದಹಾಗೆ, 2025ರಲ್ಲಿ ಬೆಂಗಳೂರಿನಲ್ಲಿ ಐದು ಪಾಲಿಕೆಗಳಾಗಿವೆ. ‘ಬೆಂಗಳೂರು ಮೇಯರ್’ ಎಂದು ಯಾರನ್ನು ಕರೆಯುವುದು ಎಂಬ ಪದಚರ್ಚೆ ನಮಗೂ ಕಾದಿದೆ.

ಇನ್ನು ಕೇಳಬೇಕಾದದ್ದು ಹೆಣ್ಣುರೂಪ. 1983ರಲ್ಲಿ ಮೇರಿ ಡೊನಾಲ್ಡ್‌ಸನ್ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಅವರನ್ನೂ ‘ಲಾರ್ಡ್ ಮೇಯರ್’ ಎಂದೇ ಕರೆದರು. 2025ರ ನವೆಂಬರ್‌ನಲ್ಲಿ ಬಂದ ಸೂಸನ್ ಲ್ಯಾಂಗ್ಲಿ ‘ಲೇಡಿ ಮೇಯರ್’ ಎಂದು ಕರೆಸಿಕೊಂಡ ಮೊದಲಿಗರು. ಮಹಾಪೌರ ಎಂಬುದನ್ನು ನಮ್ಮಲ್ಲಿ ‘ಮಹಾಪೌರರು’ ಎಂದು ಬಹುವಚನಕ್ಕೆ ಹಾಕಿ ಪಾರಾಗುತ್ತೇವೆ. ಪಟ್ಟಣಸ್ವಾಮಿಗೆ ಏನು ಮಾಡೋಣ? ಪಟ್ಟಣಸ್ವಾಮಿನಿ ಎಂದರೆ ವ್ಯಾಕರಣಕ್ಕೆ ಸರಿ, ಕಿವಿಗೆ ಸ್ವಲ್ಪ ನಾಟಕೀಯ. ಶಾಸನ ಓದಿದವರು ಯಾರಾದರೂ ಹೆಂಗಸರಿಗೆ ಇಂಥ ಊರೊಡೆತನದ ಬಿರುದು ಬಳಸಿದ್ದನ್ನು ನೋಡಿದ್ದರೆ ತಿಳಿಸಿ. ಲೇಖನ ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ.