ಶೇಕಡಾ ಲೆಕ್ಕ ಹಾಕಿದ್ರೆ ಬರೀ 0.00! ಸೂತ್ರ ಸರಿಯಾಗೇ ಇದೆ

ಕೋಡ್‌ಕಂದ
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಎಸ್ಎಸ್ಎಲ್‌ಸಿ ಅಂಕಪಟ್ಟಿ ಪ್ರೋಗ್ರಾಂ, ಒಟ್ಟು 625ಕ್ಕೆ. ಸೂತ್ರ ಇಷ್ಟೇ:

ಶೇ = ಒಟ್ಟು / 625 * 100;

437 ಕೊಟ್ರೂ 0.00, 600 ಕೊಟ್ರೂ 0.00. ಕ್ಯಾಲ್ಕುಲೇಟರ್‌ನಲ್ಲಿ 69.92 ಬರುತ್ತೆ. ಎರರ್ ಒಂದೂ ಇಲ್ಲ. (ವೇರಿಯಬಲ್ ಹೆಸರು ಓದೋಕೆ ಸುಲಭ ಆಗ್ಲಿ ಅಂತ ಇಲ್ಲಿ ಕನ್ನಡದಲ್ಲಿ ಹಾಕಿದೀನಿ.)

ಅರ್ಧವಿರಾಮ
ಯಾವ ಭಾಷೆ ಅಂತಾನೇ ಹೇಳಿಲ್ಲ. ಪೈಥಾನ್ 3 ಆಗಿದ್ರೆ ಇದೇ ಸಾಲು ಸರಿಯಾಗಿ ಓಡುತ್ತೆ. ಸಿ ಆದ್ರೆ ಪ್ರಿಂಟ್‌ಎಫ್‌ನಲ್ಲಿ ಪೂರ್ಣಾಂಕ ತೋರಿಸೋ ಪರ್ಸೆಂಟ್ ಡಿ ಹಾಕಿರ್ತೀರಿ. ದಶಮಾಂಶ ತೋರಿಸೋ ಪರ್ಸೆಂಟ್ ಎಫ್ ಮಾಡಿ.

ಕೋಡ್‌ಕಂದ
ಸಿ ಸರ್. ಪರ್ಸೆಂಟ್ ಎಫ್ಫೇ ಇದೆ. ಶೇ ಕೂಡ ಫ್ಲೋಟ್ (ದಶಮಾಂಶ ಸಂಖ್ಯೆ).

ಅರ್ಧವಿರಾಮ
ಹಾಗಾದ್ರೆ ಅಂಕ ಓದಿಕೊಳ್ಳೋ ಸ್ಕ್ಯಾನ್‌ಎಫ್‌ನಲ್ಲಿ & ಬಿಟ್ಟಿರ್ತೀರಿ. ಹೊಸಬರು ಜಾರೋದೇ ಅಲ್ಲಿ. ಆ ಸಾಲು ಹಾಕಿ.

ಕಡಲಬಿಟ್
ಸ್ಕ್ಯಾನ್‌ಎಫ್ ಬಿಡಿ ಮಾರಾಯ್ರೆ, / ಚಿಹ್ನೆ ನೋಡಿ. ಎರಡೂ ಬದಿ ಇಂಟ್ (ಪೂರ್ಣಾಂಕ) ಇದ್ದರೆ ಸಿ ಪೂರ್ಣಾಂಕ ಭಾಗಾಕಾರ ಮಾಡ್ತದೆ. ಚುಕ್ಕಿಯ ನಂತರದ್ದನ್ನು ಬಿಸಾಡ್ತದೆ, ಹತ್ತಿರದ ಅಂಕಿಗೆ ಸರಿಮಾಡುವುದೂ ಇಲ್ಲ. / ಮತ್ತು * ಎರಡಕ್ಕೂ ಒಂದೇ ಪ್ರಿಸಿಡೆನ್ಸ್ (ಆದ್ಯತೆ), ಎಡದಿಂದ ಬಲಕ್ಕೆ. ಹಾಗಾಗಿ ಮೊದಲು 437 / 625, ಅದು 0. ಆಮೇಲೆ 0 * 100. = ಚಿಹ್ನೆಯ ಸರದಿ ಕೊನೆಗೆ. ಶೇ ಫ್ಲೋಟ್ ಆಗಿದ್ದರೂ ಅದರ ಕೈಗೆ ಸಿಗುವುದು ಸೊನ್ನೆಯೇ. ಬೇಕಾದ್ರೆ 625 ಕೊಟ್ಟು ನೋಡಿ, 100.00 ಬರ್ತದೆ.

ಅರ್ಧವಿರಾಮ
ಅಷ್ಟೆಲ್ಲ ಯಾಕೆ, ಗುಣಾಕಾರ ಮೊದಲು ಮಾಡಿದ್ರೆ ಮುಗೀತು:

ಶೇ = ಒಟ್ಟು * 100 / 625;

69.00 ಬರುತ್ತೆ. ಕ್ಲಾಸ್ ಹೇಳೋಕೆ ಅಷ್ಟು ಸಾಕು.

ಕೋಡ್‌ಕಂದ
ಈಗ ಇನ್ನೂ ಕೆಟ್ಟಿತು!! 437ಕ್ಕೆ -34.00. ಪೂರ್ತಿ 625 ತಗೊಂಡವರಿಗೆ -4.00. 200, 300ಕ್ಕೆ ಮಾತ್ರ ಸರಿ.

ಅರ್ಧವಿರಾಮ
ನನ್ನ ಜಿಸಿಸಿ ಕಂಪೈಲರ್‌ನಲ್ಲಿ 69.00 ಬರ್ತಿದೆ. ಸ್ಕ್ಯಾನ್‌ಎಫ್ ಸಾಲು ಹಾಕಿ ಅಂತ ಆಗ್ಲೇ ಹೇಳಿದ್ದೆ.

ಹುಬ್ಬಳ್ಳಿ_ಬೈಟ್
327 ಕೊಟ್ಟು ನೋಡ್ರಿ, ಆಮೇಲೆ 328. ನಿಮ್ದು ಆ ನೀಲಿ ಪರದೆ ಹಳೇ ಕಂಪೈಲರ್, ಟರ್ಬೊ ಸಿ ಏನು?

ಕೋಡ್‌ಕಂದ
ಅರೆ ಹೌದು! 327ಕ್ಕೆ 52.00, 328ಕ್ಕೆ -52.00. ಟರ್ಬೊ ಸಿನೇ, ಹಳೇ ಡಾಸ್ ಪ್ರೋಗ್ರಾಂ ಓಡಿಸೋ ಡಾಸ್‌ಬಾಕ್ಸ್ ಒಳಗೆ. ಲ್ಯಾಬ್‌ನಲ್ಲಿ ಎಲ್ಲರದ್ದೂ ಅದೇ, ಅದಕ್ಕೇ ಹೇಳಲಿಲ್ಲ.

ಹುಬ್ಬಳ್ಳಿ_ಬೈಟ್
ಅದನ್ನ ಮೊದಲ ಹೇಳಬೇಕಿತ್ತಲ್ರೀ. ಟರ್ಬೊ ಸಿ ಒಳಗ ಇಂಟ್ ಅಂದ್ರ 2 ಬೈಟ್, 32767 ತನಕ ಅಷ್ಟ. 327 * 100 = 32700, ಹಿಡಸ್ತೈತಿ. 437 * 100 = 43700, ಹಿಡಸಂಗಿಲ್ಲ. ಅದರಾಗ 65536 ಕಳದು -21836 ಆಗಿ ಕುಂದರತೈತಿ, 625ರಿಂದ ಭಾಗಿಸಿದ್ರ -34. ಜಿಸಿಸಿ ಒಳಗ ಇಂಟ್ 4 ಬೈಟ್, ಅದಕ್ಕ ಅವರಿಗೆ ಕಾಣಲಿಲ್ಲ. ಹಿಂಗ್ ಬರೀರಿ:

ಶೇ = ಒಟ್ಟು * 100.0 / 625;

ಆ ಚುಕ್ಕಿ-ಸೊನ್ನಿಗೇ 100.0 ಡಬಲ್ (ಫ್ಲೋಟಿನಂಗ ದಶಮಾಂಶ ಹಿಡಿಯೋ ಮಾದರಿ) ಆಗ್ತೈತಿ, ಒಟ್ಟುನೂ ಲೆಕ್ಕದಾಗ ಡಬಲ್ ಆಗಿ ಬರ್ತೈತಿ.

ಕಡಲಬಿಟ್
ಕಾಸ್ಟ್ (ಇಂಟನ್ನು ಫ್ಲೋಟ್ ಮಾಡಿಸುವುದು) ಹಾಕುವುದಾದ್ರೆ ಕಂಸ ಜಾಗ್ರತೆ. (ಫ್ಲೋಟ್) ಒಟ್ಟು / 625 * 100 ಸರಿ. (ಫ್ಲೋಟ್)(ಒಟ್ಟು / 625) * 100 ಅಂತ ಬರೆದ್ರೆ ಪುನಃ ಸೊನ್ನೆ. ಮತ್ತೆ ಆ 65536 ಕಳೆಯುವುದು ಟರ್ಬೊ ಸಿಯ ಕಥೆ. ಸೈನ್ಡ್ (ಋಣ ಸಂಖ್ಯೆಯನ್ನೂ ಹಿಡಿಯುವ) ಇಂಟ್ ತುಂಬಿ ಹರಿದರೆ ಹೀಗೇ ಆಗಬೇಕು ಅಂತ ಸಿ ಸ್ಟ್ಯಾಂಡರ್ಡಿನಲ್ಲಿ ಇಲ್ಲ.

ಹುಬ್ಬಳ್ಳಿ_ಬೈಟ್
ಅವರು ಓಡಸೂದು ಟರ್ಬೊ ಸಿ, ಸ್ಟ್ಯಾಂಡರ್ಡ್ ಅಲ್ರೀ.

ಅರ್ಧವಿರಾಮ
1987ರಲ್ಲಿ ಬಂದ ಸಾಮಾನು ಅದು, ಇನ್ನೂ ಬಿಟ್ಟಿಲ್ವಾ? ನಂದು ಡೆಬಿಯನ್, ವಿಮ್, ಎರಡು ಮಾನಿಟರ್. ಎಡಗಡೆ ಕೋಡ್, ಬಲಗಡೆ ವಾರ್ನಿಂಗ್. ಜಿಸಿಸಿಗೆ ವಾರ್ನಿಂಗ್ ಆಯ್ಕೆ -ವಾಲ್ ಕೊಟ್ರೆ ಇಂಥದ್ದೆಲ್ಲ ಕಂಪೈಲ್ ಆಗುವಾಗ್ಲೇ ಸಿಗುತ್ತೆ.

ಹುಬ್ಬಳ್ಳಿ_ಬೈಟ್
ಪೂರ್ಣಾಂಕ ಭಾಗಾಕಾರಕ್ಕ -ವಾಲ್ ಇದ್ರೂ ಜಿಸಿಸಿ ತುಟಿ ಪಿಟಕ್ ಅನ್ನಂಗಿಲ್ಲ. ಎರಡ ಮಾನಿಟರ್ ಇದ್ರೂ ಅಷ್ಟ.

ಕೋಡ್‌ಕಂದ
69.92 ಬಂತು!! ಆದ್ರೆ 200 ಅಂಕಕ್ಕೆ 32.00 ತೋರಿಸಿ ಪಕ್ಕದಲ್ಲೇ "ಸೆಕೆಂಡ್ ಕ್ಲಾಸ್" ಅಂತಿದೆ. 60 ದಾಟಿದವರಿಗೆ ಫಸ್ಟ್ ಕ್ಲಾಸ್ ಸರಿಯಾಗಿ ಬರ್ತಿದೆ. ಅದರ ಎಲ್ಸ್‌ನಲ್ಲಿ ಇರೋದು:

ಇಫ್ (50 <= ಶೇ < 60)

ಕಡಲಬಿಟ್
ಗಣಿತದ ನೋಟ್‌ಬುಕ್ಕಿನಲ್ಲಿ ಬರೆದ ಹಾಗೆ ಬರೆದಿದ್ದೀರಿ. ಪೈಥಾನಿನಲ್ಲಿ ಅದು ನಡೀತದೆ. ಸಿ ಅದನ್ನು (50 <= ಶೇ) < 60 ಅಂತ ಓದ್ತದೆ. ಕಂಸದ ಒಳಗಿನ ಉತ್ತರ 0 ಅಥವಾ 1, ಎರಡೂ 60ಕ್ಕಿಂತ ಕಡಿಮೆಯೇ ಅಲ್ವಾ? ಫೇಲಾದವನಿಗೂ ಸೆಕೆಂಡ್ ಕ್ಲಾಸ್. ಹೀಗೆ ಮಾಡಿ:

ಇಫ್ (ಶೇ >= 50 && ಶೇ < 60)

& ಎರಡು ಬೇಕು. ಒಂದೇ ಹಾಕಿದ್ರೆ ಅದು ಬಿಟ್‌ಗಳ ಲೆಕ್ಕ, ಬೇರೆಯೇ ವ್ಯವಹಾರ.

ಅರ್ಧವಿರಾಮ
ಇದಕ್ಕೆ -ವಾಲ್ ವಾರ್ನಿಂಗ್ ಕೊಡುತ್ತೆ. ಸುಮ್ನೆ ಹೇಳ್ದೆ.

ಕೋಡ್‌ಕಂದ
ಸರಿಯಾಯ್ತು, ಥ್ಯಾಂಕ್ಸ್. ಇನ್ನೊಂದೇ ಒಂದು. ಶೇ % 10 ಹಾಕಿದ್ರೆ "ಇಲ್ಲೀಗಲ್ ಯೂಸ್ ಆಫ್ ಫ್ಲೋಟಿಂಗ್ ಪಾಯಿಂಟ್" ಅಂತಿದೆ. ಯಾಕೆ?

ಹುಬ್ಬಳ್ಳಿ_ಬೈಟ್
% ಅಂದ್ರ ಭಾಗಿಸಿ ಉಳಿಯೋ ಶೇಷ, ಅದು ಇಂಟ್‌ಗಷ್ಟ ನಡೀತೈತಿ. ಫ್ಲೋಟಿಗೆ ಎಫ್‌ಮಾಡ್ ಬಳಸ್ರಿ, ಮ್ಯಾಥ್ ಡಾಟ್ ಎಚ್ ಸೇರಿಸಿ. ಉಳಿದದ್ದು ಹೊಸ ಥ್ರೆಡ್‌ನಾಗ ಕೇಳ್ರಿ.

ಅರ್ಧವಿರಾಮ
ಶೇಕಡಾ ಲೆಕ್ಕದಲ್ಲಿ % ಎಲ್ಲಿಂದ ಬಂತು? ಪೂರ್ತಿ ಕೋಡ್ ಹಾಕಿ. ಸ್ಕ್ಯಾನ್‌ಎಫ್ ಸಾಲೂ ಸೇರಿಸಿ.