‘ಧಾರಣಾ ಸಾಮರ್ಥ್ಯ’ದ ಬದಲು ‘ತಾಳಿಕೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಪಶ್ಚಿಮ ಘಟ್ಟದ ಚಾರಣದ ಹಾದಿಗಳಿಗೆ ಕನ್ನಡದಲ್ಲಿ ಫಲಕದ ಬರಹ ಸಿದ್ಧಪಡಿಸುತ್ತಿದ್ದೇನೆ. ಒಂದು ಬೆಟ್ಟ ಅಥವಾ ಕಾಡು ತನಗೆ ಕೇಡಾಗದಂತೆ ಎಷ್ಟು ಮಂದಿಯನ್ನು ಬರಗೊಡಬಲ್ಲದು ಎಂಬುದನ್ನು ‘ಕ್ಯಾರಿಯಿಂಗ್ ಕೆಪ್ಯಾಸಿಟಿ’ ಎನ್ನುತ್ತಾರಲ್ಲ, ಪತ್ರಿಕೆಗಳಲ್ಲಿ ಅದಕ್ಕೆ ‘ಧಾರಣಾ ಸಾಮರ್ಥ್ಯ’ ಎಂದಿರುತ್ತದೆ. ಮಲೆನಾಡಿನಲ್ಲಿ ಧಾರಣೆ ಎಂದರೆ ಪೇಟೆಯ ದರ. ‘ಇವತ್ತು ಅಡಿಕೆ ಧಾರಣೆ ಎಷ್ಟಂತೆ?’ ಎಂದು ದಿನಾ ಕೇಳುವ ಊರಿನ ಹೆಬ್ಬಾಗಿಲಲ್ಲಿ ‘ಬೆಟ್ಟದ ಧಾರಣಾ ಸಾಮರ್ಥ್ಯ’ ಎಂದು ಬರೆದರೆ ಅರ್ಥ ದಾರಿ ತಪ್ಪುತ್ತದೆ.

ನನಗೆ ಹೆಚ್ಚು ಕಾಡುವುದು ‘ಸಾಮರ್ಥ್ಯ’. ಟ್ಯಾಂಕಿನ ಸಾಮರ್ಥ್ಯ ಸಾವಿರ ಲೀಟರ್ ಎಂದರೆ ವರ್ಷವಿಡೀ ಸಾವಿರವೇ. ಬೆಟ್ಟ ಹಾಗಲ್ಲ. ಪುಷ್ಪಗಿರಿ ವನ್ಯಧಾಮದೊಳಗಿನ 1,712 ಮೀಟರ್ ಎತ್ತರದ ಕುಮಾರಪರ್ವತವನ್ನೇ ನೋಡಿ. 2024ರ ಜನವರಿಯಲ್ಲಿ ಅಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಟಿಕೆಟ್ಟನ್ನೂ ದಿನಕ್ಕೆ 300 ಮಂದಿ ಎಂಬ ಮಿತಿಯನ್ನೂ ತಂದಿತು. ಮಿತಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾದಿಯ ನಡುವೆ ಸಿಗುವ ಗಿರಿಗದ್ದೆ ದಾಟಿದ ಮೇಲಿನ ಹುಲ್ಲಿನ ಏಣಿನಲ್ಲಿ ನೆಲ ಒಣಗಿದ್ದಾಗ ಓಡಾಡುವ 300 ಮಂದಿಯೂ ಮಳೆ ಹಿಡಿದಾಗಿನ 300 ಮಂದಿಯೂ ಒಂದೇ ಅಲ್ಲ. ಕಾಲುದಾರಿ ಕೆಸರಾಗಿ ಜಾರತೊಡಗಿದರೆ ನಡೆಯುವವರು ಅಂಚಿನ ಹುಲ್ಲಿನ ಮೇಲೆ ಕಾಲಿಡುತ್ತಾರೆ. ತುಳಿದು ತುಳಿದು ಹುಲ್ಲಿನ ಬೇರು ಸಾಯುತ್ತದೆ, ಬೇರಿಲ್ಲದ ಮಣ್ಣು ಮಳೆಯಲ್ಲಿ ಕೊಚ್ಚಿ ಹೋಗುತ್ತದೆ, ಹಾದಿ ಕೊರಕಲಾಗುತ್ತದೆ. ಕೊರಕಲಿನಲ್ಲಿ ನಡೆಯಲಾಗದೆ ಜನ ಅದರ ಪಕ್ಕಕ್ಕೆ ಇನ್ನೊಂದು ಹಾದಿ ತುಳಿಯುತ್ತಾರೆ.

ಇದನ್ನು ‘ತಾಳಿಕೆ’ ಎಂದರೆ ಹೇಗೆ? ‘ಈ ನೆಲ ಇಷ್ಟು ತುಳಿತ ತಾಳುವುದಿಲ್ಲ’ ಎಂದು ಯಾರಾದರೂ ಹೇಳಿಯಾರು. ತಾಳಿಕೆ ಕಾಲಕ್ಕೆ ತಕ್ಕಂತೆ ಕುಗ್ಗುತ್ತದೆ, ಹಿಗ್ಗುತ್ತದೆ ಎಂಬುದೂ ಕೇಳಿದ ಕೂಡಲೇ ಹೊಳೆಯುತ್ತದೆ. ಇದಕ್ಕೆ ಬರಬಹುದಾದ ಆಕ್ಷೇಪ ನನಗೂ ಗೊತ್ತು: ‘ತಾಳಿಕೆ ಬರುವ ಹಗ್ಗ’ ಎನ್ನುವಾಗ ಅದು ಎಷ್ಟು ಕಾಲ ಎಂಬುದನ್ನು ಹೇಳುತ್ತದೆ, ಎಷ್ಟು ಭಾರ ಎಂಬುದನ್ನಲ್ಲ. ಹಾಗಿದ್ದರೆ ‘ತಾಳುಮಿತಿ’ ಆದೀತೇ? ಕನ್ನಡದ ಪದಕ್ಕೆ ಸಂಸ್ಕೃತದ ಪದ ಜೋಡಿಸಿದ ಅರಿಸಮಾಸ ಎಂದು ಕೆಲವರು ಮೂಗು ಮುರಿಯಬಹುದು. ಅರ್ಥವಾಗುವುದಾದರೆ ನನಗದು ದೋಷವಲ್ಲ.

ಜೊತೆಗೆ ಇನ್ನೊಂದು. ನನ್ನ ಕೈಗೆ ಬಂದ ಕರಡಿನಲ್ಲಿ ‘ನೈಸರ್ಗಿಕ ಪರಂಪರೆಯು ಸುಸ್ಥಿರ ಪ್ರವಾಸೋದ್ಯಮದ ಸಂಪನ್ಮೂಲ’ ಎಂಬ ಸಾಲಿದೆ. ‘ಸಂಪನ್ಮೂಲ’ ನನಗೆ ಹಿಡಿಸುತ್ತಿಲ್ಲ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ತೆಗೆದದ್ದೂ ‘ಸಂಪನ್ಮೂಲ’ದ ಹೆಸರಿನಲ್ಲೇ. ಅದೇ ಕುದುರೆಮುಖ ರಾಷ್ಟ್ರೀಯ ಉದ್ಯಾನ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ಅಗೆದು ಮುಗಿಸುವುದಕ್ಕೂ ನೋಡಿ ಬರುವುದಕ್ಕೂ ಒಂದೇ ಪದ ಬೇಡ. ‘ಇಡುಗಂಟು’ ಸರಿಹೊಂದುತ್ತದೆ ಎನಿಸುತ್ತದೆ: ದೇವಸ್ಥಾನದ ನಿತ್ಯಪೂಜೆಗೆ ಇಟ್ಟ ಹಣದಂತೆ, ಬಡ್ಡಿಯಲ್ಲಿ ನಡೆಸಬೇಕು, ಗಂಟಿಗೆ ಕೈಹಾಕಬಾರದು. ಹೋಮ್‌ಸ್ಟೇ, ಗೈಡ್, ಜೀಪು ನಂಬಿದವರ ಹೊಟ್ಟೆಪಾಡು ಆ ಬಡ್ಡಿಯಲ್ಲೇ ಸಾಗಬೇಕಾದ್ದು.

‘ಸುಸ್ಥಿರ’ ಈಗ ಬಳಕೆಯಲ್ಲಿ ಬೇರೂರಿದೆ, ಅದನ್ನು ಬದಲಿಸುವ ಆಸೆ ನನಗಿಲ್ಲ.

ಬಲ್ಲವರು ತಿಳಿಸಿ: ನಿಮ್ಮ ಕಡೆ ‘ತಾಳಿಕೆ’ಯನ್ನು ನೆಲ, ಹೊಲ, ಗೋಮಾಳದ ಬಗ್ಗೆ ಹೇಳುವುದುಂಟೇ? ಒಂದು ಹುಲ್ಲುಗಾವಲು ಎಷ್ಟು ದನ ಮೇಯಿಸಬಲ್ಲದು ಎಂಬುದಕ್ಕೆ ಹಿರಿಯರು ಬಳಸುತ್ತಿದ್ದ ಬೇರೆ ಮಾತೇನಾದರೂ ಇದ್ದರೆ ಅದು ಇಲ್ಲಿಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಬಹುದು. ಕೊಡಗು, ಸುಳ್ಯ, ಸೋಮವಾರಪೇಟೆ ಕಡೆಯವರು ದಯವಿಟ್ಟು ಬರೆಯಿರಿ.