ಇಮೇಲ್ ಎನ್‌ಕ್ರಿಪ್ಟ್ ಮಾಡೋಕೆ ಯಾವ ಸಾಫ್ಟ್‌ವೇರ್ ಬಳಸ್ತೀರಾ?

ಮಳೆಹನಿ:
ಎಲ್ರಿಗೂ ನಮಸ್ಕಾರ. ಅಪ್ಪನ ಮೆಡಿಕಲ್ ರಿಪೋರ್ಟು, ಆಸ್ತಿ ಪತ್ರದ ಸ್ಕ್ಯಾನು ಎಲ್ಲಾ ನಾನೂ ನಮ್ಮಕ್ಕನೂ ಮೇಲಲ್ಲೇ ಕಳಿಸ್ಕೊಳ್ತೀವಿ. ಬ್ರೌಸರಲ್ಲಿ ಬೀಗದ ಗುರುತು ಬರುತ್ತಲ್ಲ, ಅಷ್ಟು ಸಾಕಾ ಇಲ್ಲಾ ಮೇಲ್ ಕೊಡೋ ಕಂಪನಿಯವ್ರು ಓದ್ಬೋದಾ? ಪಿಜಿಪಿ ಅಂತ ಏನೋ ಇದೆಯಂತೆ, ಅಕ್ಕನಿಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ, ಅವಳ ಕೈಲಿ ಆಗೋ ಥರದ್ದು ಯಾವ್ದಾದ್ರೂ ಇದ್ರೆ ಹೇಳಿ.

ತಂತಿಮನೆ:
ಆ ಬೀಗ ದಾರಿಗೆ ಮಾತ್ರ, ಅಂದ್ರೆ ನಿಮ್ಮ ಮಷೀನಿಂದ ಸರ್ವರ್‌ವರೆಗೆ ಹೋಗುವಾಗ ಮಧ್ಯ ಯಾರೂ ಕದ್ದು ನೋಡ್ಬಾರ್ದು ಅಂತ. ಸರ್ವರ್ ಮುಟ್ಟಿದ ಮೇಲೆ ಕಂಪನಿಯವ್ರು ಓದಬಲ್ಲರು, ನಿಮ್ಮ ಪಾಸ್‌ವರ್ಡ್ ಕದ್ದವನೂ ವರ್ಷಗಟ್ಲೆ ಹಿಂದಿನ ಮೇಲೆಲ್ಲಾ ಓದಬಲ್ಲ.

ಪಿಜಿಪಿ ಅಂದ್ರೆ ಮೇಲ್‌ನ ಕಳಿಸೋ ಮುಂಚೆನೇ ಮುಚ್ಚಿ, ಪಡೆಯೋರು ಮಾತ್ರ ಬಿಡಿಸ್ಕೊಳ್ಳೋ ಹಾಗೆ ಮಾಡೋ ಸಾಫ್ಟ್‌ವೇರ್. ಅದನ್ನ ಫಿಲ್ ಜಿಮ್ಮರ್‌ಮನ್ 1991ರಲ್ಲೇ ಬಿಡುಗಡೆ ಮಾಡಿದ್ದು, ಈಗ ಓಪನ್‌ಪಿಜಿಪಿ ಅಂತ ಸ್ಟ್ಯಾಂಡರ್ಡ್ ಆಗಿದೆ. ಲ್ಯಾಪ್‌ಟಾಪಲ್ಲಿ ಥಂಡರ್‌ಬರ್ಡ್ ಅನ್ನೋ ಮೇಲ್ ಸಾಫ್ಟ್‌ವೇರ್ ಹಾಕಿ, ಪಿಜಿಪಿಗೆ ಮುಂಚೆ ಎನಿಗ್‌ಮೇಲ್ ಅಂತ ಬೇರೆ ಆಡ್-ಆನ್ ಬೇಕಿತ್ತು, 2020ರ 78ನೇ ವರ್ಷನ್ ಇಂದ ಒಳಗೇ ಬರುತ್ತೆ. ಅಕೌಂಟ್ ಸೆಟ್ಟಿಂಗ್ಸಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್‌ಗೆ (ಕಳಿಸೋರು, ಪಡೆಯೋರು ಬಿಟ್ಟು ಬೇರೆ ಯಾರೂ ಓದೋಕಾಗದ ಹಾಗೆ ಮುಚ್ಚೋದು) ಹೋಗಿ ಕೀ ಮಾಡ್ಕೊಳ್ಳಿ. ಎರಡು ಕೀ ಸಿಗುತ್ತೆ, ಪಬ್ಲಿಕ್ ಕೀ ನಿಮಗೆ ಬರೋ ಮೇಲ್ ಮುಚ್ಚೋಕೆ, ಪ್ರೈವೇಟ್ ಕೀ ಅದನ್ನ ಬಿಡಿಸೋಕೆ. ಪಬ್ಲಿಕ್ ಕೀ ಅಕ್ಕನಿಗೆ ಕಳಿಸಿ, ಅವ್ರದ್ದು ನೀವು ತಗೊಳ್ಳಿ, ಪ್ರೈವೇಟ್ ಕೀ ಮಾತ್ರ ಯಾರಿಗೂ ಕೊಡೋ ಹಾಗಿಲ್ಲ, ಅಕ್ಕನಿಗೂ ಸಹ. ಆಮೇಲೆ ಫೋನ್ ಮಾಡಿ ಇಬ್ರೂ ನಿಮ್ಮ ನಿಮ್ಮ ಕೀಯ ಫಿಂಗರ್‌ಪ್ರಿಂಟ್ (ಆ ಕೀನ ಗುರುತಿಸೋ ಅಕ್ಷರ-ಅಂಕಿಗಳ ಸಾಲು) ಓದಿ ಹೇಳ್ಕೊಳ್ಳಿ, ಸಾಮಾನ್ಯವಾಗಿ 40 ಅಕ್ಷರ ಇರುತ್ತೆ. ಬೇಜಾರಾಗುತ್ತೆ ನಿಜ, ಆದ್ರೆ ಮಧ್ಯದಲ್ಲಿ ಯಾರೋ ಅಕ್ಕನ ಹೆಸರಲ್ಲಿ ತಮ್ಮ ಕೀ ತುರುಕಿದ್ರೆ ಗೊತ್ತಾಗೋದು ಇದ್ರಿಂದ್ಲೇ, ದಯವಿಟ್ಟು ಬಿಡ್ಬೇಡಿ.

ಗಿರಿಜಾಕೆ:
ಒಂದು ಮಾತು ಸೇರಿಸ್ತೀನಿ. ಪಿಜಿಪಿ ಮುಚ್ಚೋದು ಒಳಗಿನ ಮಾತು ಮತ್ತೆ ಅಟ್ಯಾಚ್‌ಮೆಂಟು. ಯಾರಿಂದ ಯಾರಿಗೆ, ಯಾವಾಗ ಹೋಯ್ತು ಅನ್ನೋದು ಬಯಲಲ್ಲೇ ಇರುತ್ತೆ. ಸಬ್ಜೆಕ್ಟ್ ಲೈನೂ ಎಷ್ಟೋ ಸಾಫ್ಟ್‌ವೇರಲ್ಲಿ ಹಾಗೇ ಹೋಗುತ್ತೆ. ಥಂಡರ್‌ಬರ್ಡಲ್ಲಿ ಅದನ್ನೂ ಮುಚ್ಚೋ ಆಪ್ಷನ್ ಇದೆ, ಹೊರಗಿನವ್ರಿಗೆ ಬರೀ ಮೂರು ಚುಕ್ಕಿ ಕಾಣ್ಸುತ್ತೆ, ಆದ್ರೂ ಸಬ್ಜೆಕ್ಟಲ್ಲಿ "ಅಪ್ಪನ ಬಯಾಪ್ಸಿ ರಿಪೋರ್ಟ್" ಅಂತ ಬರೆಯೋ ಅಭ್ಯಾಸ ಬಿಟ್ಬಿಡಿ. 2018ರಲ್ಲಿ ಇಫೇಲ್ ಅನ್ನೋ ತೊಂದ್ರೆ ಬಂದಾಗ ಎಚ್‌ಟಿಎಂಎಲ್ ಮೇಲ್ (ವೆಬ್ ಪುಟದ ಥರ ಚಿತ್ರ, ಲಿಂಕ್ ಇರೋ ಮೇಲ್) ಮೂಲಕ ಬಿಡಿಸಿದ ಪಠ್ಯನೇ ಹೊರಗೆ ಸೋರೋ ಹಾಗಿತ್ತು, ಹಾಗಾಗಿ ಬರೀ ಅಕ್ಷರ ತೋರಿಸೋ ಪ್ಲೇನ್ ಟೆಕ್ಸ್ಟಲ್ಲೇ ಓದಿ, ಅಪ್‌ಡೇಟ್ ಬಂದ ತಕ್ಷಣ ಹಾಕ್ಕೊಳ್ಳಿ.

ಮಳೆಹನಿ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಲ್ಯಾಪ್‌ಟಾಪೇ ಕೆಟ್ಟೋದ್ರೆ? ಪಾಸ್‌ವರ್ಡ್ ರೀಸೆಟ್ ಥರ ಏನಾದ್ರೂ ಇದೆಯಾ?

ತಂತಿಮನೆ:
ಇಲ್ಲ. ಪ್ರೈವೇಟ್ ಕೀ ಹೋಯ್ತು ಅಂದ್ರೆ ಹಳೇ ಮೇಲ್ ಯಾರ ಕೈಲೂ ಬಿಡ್ಸೋಕಾಗಲ್ಲ, ಅದನ್ನ ಮಾಡಿರೋದೇ ಹಾಗೆ. ಇವತ್ತೇ ಥಂಡರ್‌ಬರ್ಡಿನ ಕೀ ಮ್ಯಾನೇಜರಲ್ಲಿ ಸೀಕ್ರೆಟ್ ಕೀ (ಪ್ರೈವೇಟ್ ಕೀನೇ) ಬ್ಯಾಕಪ್ ತಗೊಂಡು, ಉದ್ದದ ಪಾಸ್‌ಫ್ರೇಸ್ ಹಾಕಿ ಪೆನ್‌ಡ್ರೈವಲ್ಲಿ ಇಟ್ಟು, ಆ ಪೆನ್‌ಡ್ರೈವ್‌ನ ಲ್ಯಾಪ್‌ಟಾಪ್ ಬ್ಯಾಗಲ್ಲಿ ಇಡದೆ ಬೇರೆ ಕಡೆ ಇಡಿ. ಥಂಡರ್‌ಬರ್ಡಲ್ಲಿ ಪ್ರೈಮರಿ ಪಾಸ್‌ವರ್ಡ್ (ಉಳಿಸಿಟ್ಟ ಪಾಸ್‌ವರ್ಡು, ಕೀಗಳನ್ನ ಕಾಯೋ ಪಾಸ್‌ವರ್ಡ್) ಕೂಡ ಸೆಟ್ ಮಾಡಿ, ಅದಿಲ್ದೆ ಹೋದ್ರೆ ನಿಮ್ಮ ಲ್ಯಾಪ್‌ಟಾಪ್ ತೆಗೆದವ್ರು ಎಲ್ಲಾ ಆರಾಮಾಗಿ ಓದ್ತಾರೆ.

ಸಂಜೆಗೆಂಪು:
ಅಕ್ಕ ಜಾಸ್ತಿ ಫೋನಲ್ಲೇ ನೋಡೋದಾದ್ರೆ ಇದೆಲ್ಲಾ ಅವ್ರಿಗೆ ಹಿಂಸೆ ಆಗುತ್ತೆ ಅನ್ಸುತ್ತೆ. ಆಂಡ್ರಾಯ್ಡಲ್ಲಿ ಕೀ ನೋಡ್ಕೊಳ್ಳೋ ಓಪನ್‌ಕೀಚೈನ್ ಆಪ್ ಜೊತೆ ಕೆ-9 ಮೇಲ್ ಆಪ್ ನಡೆಯುತ್ತೆ, ಆದ್ರೆ ಸೆಟಪ್ ನೀವೇ ಕೂತು ಮಾಡ್ಕೊಡ್ಬೇಕು. ಇನ್ನೂ ಸುಲಭ ಬೇಕಂದ್ರೆ ಇಬ್ರೂ ಪ್ರೋಟಾನ್ ಮೇಲಲ್ಲಿ ಅಕೌಂಟ್ ಮಾಡಿ, ಪ್ರೋಟಾನಿಂದ ಪ್ರೋಟಾನ್‌ಗೆ ಹೋಗೋದು ತಾನಾಗೇ ಎನ್‌ಕ್ರಿಪ್ಟ್ ಆಗುತ್ತೆ, ಕೀ ಗೀ ಅಂತ ತಲೆಕೆಡಿಸ್ಕೊಳ್ಳೋ ಹಾಗಿಲ್ಲ. ಅಲ್ಲೂ ಸಬ್ಜೆಕ್ಟ್‌ಗೆ ಎಂಡ್-ಟು-ಎಂಡ್ ಇಲ್ಲ, ಗಿರಿಜಾ ಮೇಡಂ ಹೇಳಿದ್ದು ಅಲ್ಲಿಗೂ ಅನ್ವಯಿಸುತ್ತೆ. ನನ್ನ ಪ್ರಕಾರ ಅಕ್ಕ ದಿನಾ ಬಳಸೋ ಹಾಗಿರೋದೇ ನಿಮಗೆ ಸರಿ, ಒಬ್ರು ಬೇಸತ್ತು ಮಾಮೂಲಿ ಮೇಲಿಗೆ ವಾಪಸ್ ಹೋದ್ರೆ ಇಬ್ರ ಗುಟ್ಟೂ ಹೋಯ್ತು.

ಇನ್ನೊಂದು, ಯಾವ್ದೇ ಹಾಕಿದ್ರೂ ಇಷ್ಟು ದಿನ ಕಳ್ಸಿರೋ ರಿಪೋರ್ಟುಗಳು ಹಳೇ ಇನ್‌ಬಾಕ್ಸಲ್ಲಿ ತೆರೆದೇ ಇರ್ತವೆ. ಅವನ್ನ ಡೌನ್‌ಲೋಡ್ ಮಾಡ್ಕೊಂಡು ಸೆಂಟ್, ಟ್ರ್ಯಾಶ್ ಎರಡೂ ಕಡೆಯಿಂದ ಅಳಿಸಿ, ಅಕ್ಕನ ಇನ್‌ಬಾಕ್ಸಲ್ಲೂ ಅಷ್ಟೇ.